ಕೊಲೆಸ್ಟ್ರಾಲ್ ಕೂಡಿಡುವ ಕ್ಯಾನ್ಸರ್



ರಕ್ತ ಪರೀಕ್ಷೆಯ ಚೀಟಿ ಕೈಗೆ ಬಂದ ಕೂಡಲೇ ನಮ್ಮ ಕಣ್ಣು ಸಕ್ಕರೆಯ ಸಾಲನ್ನು ನೋಡುತ್ತದೆ, ಅಲ್ಲಿಂದ ನೇರವಾಗಿ ಕೊಲೆಸ್ಟ್ರಾಲಿನ ಸಾಲಿಗೆ ಇಳಿಯುತ್ತದೆ. ಕೊಲೆಸ್ಟ್ರಾಲ್ ಎಂದರೆ ಹೃದಯದ ವಿಷಯ, ರಕ್ತನಾಳದ ವಿಷಯ ಎಂಬುದು ಈಗ ಮನೆಮನೆಗೂ ಗೊತ್ತಿರುವ ಸಂಗತಿ. ಇವತ್ತು ನಾನು ಹೇಳಬೇಕೆಂದಿರುವುದು ಇದೇ ಪದಾರ್ಥ ಮಾಡುವ ಇನ್ನೊಂದು ಕೆಲಸವನ್ನು. ಗಂಡಸರಿಗೆ ಬರುವ ಪ್ರಾಸ್ಟೇಟ್ ಕ್ಯಾನ್ಸರು ಹುಟ್ಟಿದ ಜಾಗ ಬಿಟ್ಟು ಮೈಯಲ್ಲಿ ಬೇರೆ ಕಡೆ ಹಬ್ಬುವುದಕ್ಕೂ ಕೊಲೆಸ್ಟ್ರಾಲಿಗೂ ಇರುವ ನಂಟು ಅದು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಚೀಟಿಯಲ್ಲಿ ಕಾಣುವ ಕೊಲೆಸ್ಟ್ರಾಲ್ ಬೇರೆ, ಗಡ್ಡೆಯೊಳಗಿನ ಜೀವಕೋಶ ತನಗಾಗಿ ಕೂಡಿಟ್ಟುಕೊಳ್ಳುವ ಕೊಲೆಸ್ಟ್ರಾಲ್ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡರೆ ತಪ್ಪು ಭಯವೂ ಹುಟ್ಟುತ್ತದೆ, ತಪ್ಪು ಧೈರ್ಯವೂ ಹುಟ್ಟುತ್ತದೆ.

ಪ್ರಾಸ್ಟೇಟ್ ಎನ್ನುವುದು ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಕೂತಿರುವ ಗ್ರಂಥಿ. ಯೌವನದಲ್ಲಿ ಅದರ ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವದಲ್ಲಿ ಒಂದು ಪಾಲು ಇಲ್ಲಿಂದ ಬರುತ್ತದೆ. 2022ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ 14 ಲಕ್ಷ 67 ಸಾವಿರ ಗಂಡಸರಲ್ಲಿ ಈ ಗ್ರಂಥಿಯ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 3 ಲಕ್ಷ 97 ಸಾವಿರ ಜನ ಅದರಿಂದ ತೀರಿಕೊಂಡರು. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಿ. ಕಾಯಿಲೆ ಬಂದವರಲ್ಲಿ ಬಹಳ ಮಂದಿ ಅದರಿಂದ ಸಾಯುವುದಿಲ್ಲ. ಗ್ರಂಥಿಯೊಳಗೇ ಉಳಿದ ಗಡ್ಡೆ ಎಷ್ಟೋ ಜನರಲ್ಲಿ ನಿಧಾನವಾಗಿ ಬೆಳೆಯುತ್ತ, ಅವರ ಆಯುಸ್ಸು ಮುಗಿಯುವವರೆಗೂ ತೊಂದರೆ ಕೊಡದೆ ಇರುತ್ತದೆ. ಜೀವ ತೆಗೆಯುವುದು ಹಬ್ಬಿದ ಕ್ಯಾನ್ಸರ್. ಅದು ಬಹುಪಾಲು ಹಬ್ಬುವುದು ಬೆನ್ನುಮೂಳೆಗೆ, ಸೊಂಟದ ಮೂಳೆಗೆ, ಪಕ್ಕೆಲುಬಿಗೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಕ್ಯಾನ್ಸರ್ ಯಾಕೆ ಹುಟ್ಟುತ್ತದೆ ಎಂಬುದೊಂದೇ ಅಲ್ಲ. ಹುಟ್ಟಿದವುಗಳಲ್ಲಿ ಕೆಲವು ಮಾತ್ರ ಯಾಕೆ ಊರು ಬಿಟ್ಟು ಹೊರಡುತ್ತವೆ ಎಂಬುದನ್ನೂ ಕೇಳಬೇಕು.

ಕೊಲೆಸ್ಟ್ರಾಲಿಗೆ ಬರೋಣ. ಇದಕ್ಕೆ ಬಂದಿರುವಷ್ಟು ಕೆಟ್ಟ ಹೆಸರು ನ್ಯಾಯವಾದದ್ದಲ್ಲ. ನಮ್ಮ ಮೈಯ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲೂ ಅದು ಇದೆ. ಅದಿಲ್ಲದಿದ್ದರೆ ಪೊರೆಗೆ ಬೇಕಾದ ಬಿಗಿ ಇರುವುದಿಲ್ಲ. ಊಟದ ಜಿಡ್ಡು ಕರಗಿಸುವ ಪಿತ್ತರಸದ ಆಮ್ಲಗಳು ಅದರಿಂದಲೇ ತಯಾರಾಗುತ್ತವೆ. ಬಿಸಿಲು ಬಿದ್ದಾಗ ಚರ್ಮದಲ್ಲಿ ವಿಟಮಿನ್ ಡಿ ಆಗುವುದು ಕೊಲೆಸ್ಟ್ರಾಲಿನ ಹಿಂದಿನ ಹಂತದ ಒಂದು ಪದಾರ್ಥದಿಂದ. ಗಂಡಸರ ಟೆಸ್ಟೋಸ್ಟೆರೋನ್, ಹೆಂಗಸರ ಈಸ್ಟ್ರೋಜೆನ್, ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್, ಇವೆಲ್ಲಕ್ಕೂ ಮೂಲ ಕೊಲೆಸ್ಟ್ರಾಲ್. ಇದರಲ್ಲಿ ಹೆಚ್ಚಿನ ಪಾಲು ನಾವು ತಿಂದದ್ದರಿಂದ ಬರುವುದಿಲ್ಲ, ಮೈಯೇ ತಯಾರಿಸಿಕೊಳ್ಳುತ್ತದೆ. ಎರಡು ಇಂಗಾಲದ ಪುಟ್ಟ ತುಣುಕುಗಳನ್ನು ಒಂದಕ್ಕೊಂದು ಸೇರಿಸುತ್ತ, ಸುಮಾರು ಮೂವತ್ತು ಹಂತಗಳಲ್ಲಿ, 27 ಇಂಗಾಲದ ಪರಮಾಣುಗಳಿರುವ ಈ ಅಣುವನ್ನು ಜೀವಕೋಶ ಕಟ್ಟುತ್ತದೆ. ಆ ಹಂತಗಳನ್ನು ಬಿಡಿಸಿ ತೋರಿಸಿದ ಕೊನ್ರಾಡ್ ಬ್ಲಾಕ್ ಮತ್ತು ಫಿಯೋಡರ್ ಲೀನೆನ್ ಅವರಿಗೆ 1964ರಲ್ಲಿ ನೊಬೆಲ್ ಬಂತು.

ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಜೀವಕೋಶ ಒಡೆಯಲಾರದು. ಕೊಲೆಸ್ಟ್ರಾಲಿನ ಉಂಗುರಗಳನ್ನು ಮುರಿದು ಶಕ್ತಿಯಾಗಿ ಉರಿಸುವ ಉಪಾಯ ಮನುಷ್ಯನ ಮೈಗೆ ಗೊತ್ತಿಲ್ಲ. ಹೊರಹಾಕಬೇಕೆಂದರೆ ಯಕೃತ್ತಿಗೆ ಸಾಗಿಸಿ ಪಿತ್ತರಸದ ದಾರಿಯಲ್ಲಿ ಕಳಿಸಬೇಕು. ಪೊರೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಕೊಲೆಸ್ಟ್ರಾಲ್ ಸೇರಿಕೊಂಡರೆ ಅದು ಜೀವಕೋಶಕ್ಕೆ ವಿಷವೇ. ಆದ್ದರಿಂದ ಒಳಗೆ ಎಷ್ಟಿದೆ ಎಂದು ಸದಾ ಅಳೆಯುವ ವ್ಯವಸ್ಥೆ ಬೇಕು. ಅಮೆರಿಕದ ಡಲಾಸ್ ನಗರದಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಜೊತೆಯಾಗಿ ದುಡಿದು ಕಂಡುಕೊಂಡದ್ದು ಇದನ್ನೇ. ಒಳಗೆ ಕೊಲೆಸ್ಟ್ರಾಲ್ ಕಡಿಮೆಯಾದರೆ ಜೀವಕೋಶ ತನ್ನ ಮೈಮೇಲೆ ಗ್ರಾಹಕಗಳನ್ನು ನಿಲ್ಲಿಸಿ, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಹರಿಯುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುತ್ತದೆ. ತಾನೂ ತಯಾರಿಸಲು ತೊಡಗುತ್ತದೆ. ಒಳಗೆ ಸಾಕಷ್ಟು ತುಂಬಿದ ಮೇಲೆ ಗ್ರಾಹಕಗಳು ಇಳಿಯುತ್ತವೆ, ತಯಾರಿಕೆಯೂ ನಿಲ್ಲುತ್ತದೆ. ಈ ಶೋಧಕ್ಕೆ 1985ರ ನೊಬೆಲ್ ಸಂದಿತು. ಎಸ್‌ಆರ್‌ಇಬಿಪಿ ಎಂಬ ಪ್ರೋಟೀನು ಈ ಲೆಕ್ಕದ ಯಜಮಾನ ಎಂಬುದು ಆಮೇಲೆ ತಿಳಿಯಿತು. ‘ಸಾಕು’ ಎಂಬ ಈ ಕಟ್ಟುಪಾಡನ್ನು ನೆನಪಿಟ್ಟುಕೊಳ್ಳಿ. ಕ್ಯಾನ್ಸರ್ ಮುರಿಯುವುದು ಇದನ್ನೇ.

ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆಯ ಚರಿತ್ರೆಯಲ್ಲಿ 1941 ದೊಡ್ಡ ವರ್ಷ. ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಅವರ ಜೊತೆಗಾರ ಕ್ಲಾರೆನ್ಸ್ ಹಾಡ್ಜಸ್, ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರ ವೃಷಣಗಳನ್ನು ತೆಗೆದರೆ ಗಡ್ಡೆ ಕುಗ್ಗುತ್ತದೆ, ಮೂಳೆಯ ನೋವು ಇಳಿಯುತ್ತದೆ ಎಂದು ತೋರಿಸಿದರು. ಟೆಸ್ಟೋಸ್ಟೆರೋನ್ ಈ ಕ್ಯಾನ್ಸರಿಗೆ ಆಹಾರ ಎಂಬುದು ಆಗ ಸಿದ್ಧವಾಯಿತು. ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ಇಂದಿಗೂ ಹಬ್ಬಿದ ಕಾಯಿಲೆಗೆ ಮೊದಲ ಚಿಕಿತ್ಸೆ ಟೆಸ್ಟೋಸ್ಟೆರೋನನ್ನು ಇಳಿಸುವುದೇ. ಕೆಲವರಿಗೆ ಇಂಜೆಕ್ಷನ್ ಕೊಡುತ್ತಾರೆ. ಪದೇಪದೇ ಇಂಜೆಕ್ಷನ್ನಿನ ಖರ್ಚು ತಡೆಯಲಾರದವರು ನಮ್ಮ ದೇಶದಲ್ಲಿ ಈಗಲೂ ಒಂದೇ ಸಲ ಮುಗಿಯುವ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಳ್ಳುತ್ತಾರೆ. ಎರಡೂ ಕೆಲಸ ಮಾಡುತ್ತವೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ತಮಗೆ ಕಡಿಮೆ ದರ್ಜೆಯ ಚಿಕಿತ್ಸೆ ಸಿಕ್ಕಿತೆಂದು ಕುಗ್ಗಬೇಕಾಗಿಲ್ಲ.

ಕಷ್ಟ ಶುರುವಾಗುವುದು ಆಮೇಲೆ. ಕೆಲವು ತಿಂಗಳೋ ಕೆಲವು ವರ್ಷವೋ ಸುಮ್ಮನಿದ್ದ ಕ್ಯಾನ್ಸರ್ ಮತ್ತೆ ತಲೆಯೆತ್ತುತ್ತದೆ, ರಕ್ತದಲ್ಲಿ ಟೆಸ್ಟೋಸ್ಟೆರೋನ್ ಇಲ್ಲವೆನ್ನುವಷ್ಟು ಕಡಿಮೆ ಇದ್ದರೂ. ಆಹಾರವಿಲ್ಲದೆ ಬೆಳೆಯುವುದು ಹೇಗೆ? ಈ ಒಗಟು ಬಹುಕಾಲ ಉಳಿದಿತ್ತು. 2008ರಲ್ಲಿ ಸಿಯಾಟಲ್‌ನ ಸಂಶೋಧಕರು, ಚಿಕಿತ್ಸೆಯಲ್ಲಿದ್ದು ತೀರಿಕೊಂಡವರ ಹಬ್ಬಿದ ಗಡ್ಡೆಗಳನ್ನು ಪರೀಕ್ಷಿಸಿದರು. ಅವುಗಳೊಳಗೆ ಟೆಸ್ಟೋಸ್ಟೆರೋನ್ ಇತ್ತು. ಚಿಕಿತ್ಸೆಯನ್ನೇ ಪಡೆಯದವರ ಪ್ರಾಸ್ಟೇಟ್ ಗಡ್ಡೆಯಲ್ಲಿ ಇರುವುದಕ್ಕಿಂತ ಹೆಚ್ಚೇ ಇತ್ತು. ಅದೇ ವರ್ಷ ಕೆನಡಾದ ವ್ಯಾಂಕೂವರ್‌ನಲ್ಲಿ, ಇಂಥ ಗಡ್ಡೆಗಳು ತಮ್ಮ ಹಾರ್ಮೋನನ್ನು ತಾವೇ ತಯಾರಿಸಿಕೊಳ್ಳಬಲ್ಲವೆಂದು ಕಂಡುಬಂತು. ಹಾರ್ಮೋನು ತಯಾರಾಗಲು ಬೇಕಾದ ಕಚ್ಚಾ ಸಾಮಗ್ರಿ ಕೊಲೆಸ್ಟ್ರಾಲ್. ಲಂಡನ್ನಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಅಬಿರಾಟೆರೋನ್ ಎಂಬ ಔಷಧ ಈ ತಯಾರಿಕೆಯ ನಡುಹಂತವೊಂದನ್ನು ತಡೆಯುತ್ತದೆ. ವೃಷಣದಲ್ಲಿ, ಅಡ್ರಿನಲ್‌ನಲ್ಲಿ, ಗಡ್ಡೆಯಲ್ಲಿ, ಮೂರೂ ಕಡೆ ತಡೆಯುತ್ತದೆ. 2011ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಈಗ ನಮ್ಮಲ್ಲೂ ಇದರ ಜನರಿಕ್ ಮಾತ್ರೆಗಳು ಸಿಗುತ್ತವೆ. ಕೊಲೆಸ್ಟ್ರಾಲಿನಿಂದ ಹೊರಡುವ ದಾರಿಯನ್ನು ಕಟ್ಟಿದರೆ ಮನುಷ್ಯರ ಆಯುಸ್ಸು ಹೆಚ್ಚುತ್ತದೆ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ.

ಆದರೆ ಹಾರ್ಮೋನಿನ ಕಥೆಯಲ್ಲಿ ಎಲ್ಲವೂ ಮುಗಿಯುವುದಿಲ್ಲ. 1942ರಷ್ಟು ಹಿಂದೆಯೇ ಸ್ವೈಯರ್ ಎಂಬ ಬ್ರಿಟಿಷ್ ವಿಜ್ಞಾನಿ, ವಯಸ್ಸಾದವರಲ್ಲಿ ದಪ್ಪವಾದ ಪ್ರಾಸ್ಟೇಟ್‌ನಲ್ಲಿ ಸಾಮಾನ್ಯ ಗ್ರಂಥಿಗಿಂತ ಹೆಚ್ಚು ಕೊಲೆಸ್ಟ್ರಾಲ್ ಇದೆಯೆಂದು ಬರೆದಿದ್ದರು. ಅದು ಕ್ಯಾನ್ಸರ್ ಅಲ್ಲದ ಊತದ ವಿಷಯ. ಆ ಸುಳಿವನ್ನು ಬಹಳ ವರ್ಷ ಹೆಚ್ಚು ಜನ ಹಿಂಬಾಲಿಸಲಿಲ್ಲ. 2010ರಲ್ಲಿ ಸ್ವೀಡನ್ನಿನ ಉಮಿಯೊ ನಗರದ ಸಂಶೋಧಕರು ಮೂಳೆಗೆ ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರಿನ ಚೂರುಗಳಲ್ಲಿ ಏನೇನು ರಾಸಾಯನಿಕಗಳಿವೆ ಎಂದು ಪಟ್ಟಿ ಮಾಡಿದರು. ಎದ್ದು ಕಂಡದ್ದು ಕೊಲೆಸ್ಟ್ರಾಲ್. ಆರೋಗ್ಯವಾದ ಮೂಳೆಯಲ್ಲಿ ಇರುವುದಕ್ಕಿಂತ ಅದು ಬಹಳ ಹೆಚ್ಚಾಗಿತ್ತು. ಬೇರೆ ಕ್ಯಾನ್ಸರುಗಳು ಮೂಳೆಗೆ ಹಬ್ಬಿದಾಗ ಕಾಣುವುದಕ್ಕಿಂತಲೂ ಹೆಚ್ಚಾಗಿತ್ತು. ಅಂದರೆ ಇದು ಮೂಳೆಯ ಗುಣವಲ್ಲ, ಈ ಕ್ಯಾನ್ಸರಿನ ಗುಣ.

ಅಷ್ಟೊಂದು ಕೊಲೆಸ್ಟ್ರಾಲ್ ಜೀವಕೋಶದೊಳಗೆ ಯಾವ ರೂಪದಲ್ಲಿದೆ, ಎಲ್ಲಿ ಕೂತಿದೆ? ಇದನ್ನು ಕಣ್ಣಿಗೆ ತೋರಿಸಿಕೊಟ್ಟದ್ದು ನಮ್ಮವರೊಬ್ಬರ ಹೆಸರಿನ ಬೆಳಕು. 1928ರ ಫೆಬ್ರವರಿ 28ರಂದು ಕಲ್ಕತ್ತಾದಲ್ಲಿ ಚಂದ್ರಶೇಖರ ವೆಂಕಟರಾಮನ್ ಕಂಡ ಪರಿಣಾಮ ಎಲ್ಲರಿಗೂ ಗೊತ್ತಿದೆ. ಒಂದೇ ಬಣ್ಣದ ಬೆಳಕನ್ನು ಪದಾರ್ಥದ ಮೇಲೆ ಬಿಟ್ಟರೆ ಚದುರಿ ಬರುವ ಬೆಳಕಿನ ಸಣ್ಣ ಪಾಲು ಬಣ್ಣ ಬದಲಿಸಿಕೊಂಡಿರುತ್ತದೆ, ಆ ಬದಲಾವಣೆ ಅಣುವಿನಿಂದ ಅಣುವಿಗೆ ಬೇರೆಯಾಗಿರುತ್ತದೆ. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ ಇಲ್ಲಿಯೇ ನೆಲೆಸಿ, ಇಲ್ಲಿಯೇ ತಮ್ಮ ಸಂಸ್ಥೆ ಕಟ್ಟಿ, 1970ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಪರಿಣಾಮವನ್ನು ಲೇಸರ್ ಮತ್ತು ಸೂಕ್ಷ್ಮದರ್ಶಕಕ್ಕೆ ಜೋಡಿಸಿದರೆ, ಯಾವ ಬಣ್ಣವನ್ನೂ ಹಚ್ಚದೆ ಜೀವಕೋಶದೊಳಗಿನ ಜಿಡ್ಡಿನ ಹನಿಗಳನ್ನು ನೋಡಬಹುದು, ಆ ಹನಿಯಲ್ಲಿರುವುದು ಯಾವ ಜಿಡ್ಡು ಎಂದೂ ಹೇಳಬಹುದು. ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜಿ-ಶಿನ್ ಚೆಂಗ್ ಅವರ ತಂಡ ಇದೇ ಉಪಾಯದಿಂದ ರೋಗಿಗಳ ಪ್ರಾಸ್ಟೇಟ್ ಚೂರುಗಳನ್ನು ಪರೀಕ್ಷಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿತು. ರಾಮನ್ ಅವರ ಕೆಲಸ ಆಸ್ಪತ್ರೆಯ ಬಾಗಿಲವರೆಗೆ ಬಂದಿರುವುದನ್ನು ಕಂಡು ನನಗೆ ಹೆಮ್ಮೆಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಚೆಂಗ್ ಅವರ ತಂಡ ಕಂಡದ್ದು ಇದು. ಸಾಮಾನ್ಯ ಪ್ರಾಸ್ಟೇಟ್‌ನಲ್ಲಿ, ಕ್ಯಾನ್ಸರ್ ಅಲ್ಲದ ಊತದಲ್ಲಿ, ಸೋಂಕಿನ ಉರಿಯೂತದಲ್ಲಿ ಕೊಲೆಸ್ಟ್ರಾಲಿನ ದಾಸ್ತಾನು ಹೇಳಿಕೊಳ್ಳುವಷ್ಟು ಇರಲಿಲ್ಲ. ತೀವ್ರ ಸ್ವಭಾವದ ಕ್ಯಾನ್ಸರಿನಲ್ಲಿ ಮತ್ತು ಹಬ್ಬಿದ ಗಡ್ಡೆಗಳಲ್ಲಿ ಜಿಡ್ಡಿನ ಹನಿಗಳು ಕೊಲೆಸ್ಟ್ರಾಲ್ ಎಸ್ಟರಿನಿಂದ ತುಂಬಿದ್ದವು. ಎಸ್ಟರ್ ಎಂದರೆ ಕೊಲೆಸ್ಟ್ರಾಲಿಗೆ ಒಂದು ಕೊಬ್ಬಿನ ಆಮ್ಲದ ಬಾಲ ಅಂಟಿಸಿದ ರೂಪ. ಹಾಗೆ ಬಾಲ ಅಂಟಿಸುವುದು ಎಸಿಎಟಿ-1 ಎಂಬ ಕಿಣ್ವದ ಕೆಲಸ. ಹಿಂದಿನ ಕಾಲದಲ್ಲಿ ರೈತರು ಜೋಳವನ್ನು ಹಗೇವಿನಲ್ಲಿ ಮುಚ್ಚಿಡುತ್ತಿದ್ದರಲ್ಲ, ಹೊರಗೆ ನಿಂತು ನೋಡುವವನಿಗೆ ಒಳಗೆ ಕಾಳಿದೆಯೆಂದು ತಿಳಿಯುತ್ತಿರಲಿಲ್ಲ. ಹಾಗೆಯೇ ಕ್ಯಾನ್ಸರ್ ಜೀವಕೋಶವೂ ಕೊಲೆಸ್ಟ್ರಾಲನ್ನು ಎಸ್ಟರಾಗಿಸಿ ಹನಿಯೊಳಗೆ ಇಳಿಸಿಬಿಡುತ್ತದೆ. ಆಗಲೇ ಹೇಳಿದ ಅಳತೆಯ ವ್ಯವಸ್ಥೆ ನೋಡುವುದು ಪೊರೆಯಲ್ಲಿರುವ ಬಿಡಿ ಕೊಲೆಸ್ಟ್ರಾಲನ್ನು ಮಾತ್ರ. ಹನಿಯೊಳಗಿನದು ಅದರ ಲೆಕ್ಕಕ್ಕೆ ಸಿಗದು. ಹೀಗಾಗಿ ಎಷ್ಟು ತಂದು ತುಂಬಿದರೂ ‘ಸಾಕು’ ಎಂಬ ಆಜ್ಞೆ ಹೊರಡುವುದಿಲ್ಲ. ಗ್ರಾಹಕಗಳು ಇಳಿಯುವುದಿಲ್ಲ. ಎಲ್‌ಡಿಎಲ್ ಬರುತ್ತಲೇ ಇರುತ್ತದೆ. ಅದರ ಜೊತೆಗೆ ಜೀವಕೋಶ ಬೆಳೆಯಲು ಬೇಕಾದ ಕೊಬ್ಬಿನ ಆಮ್ಲಗಳೂ ಬರುತ್ತವೆ.

ಇದರ ಹಿಂದೆ ಒಂದು ಜೀನ್ ಇದೆ, ಪಿಟೆನ್. ಜೀವಕೋಶದ ಬೆಳವಣಿಗೆಗೆ ಲಗಾಮು ಹಾಕುವ ಜೀನ್ ಅದು. ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಅದು ಕಳೆದುಹೋಗಿರುವುದು ಸಾಮಾನ್ಯ. ಪಿಟೆನ್ ಇಲ್ಲವಾದಾಗ ಎಸ್‌ಆರ್‌ಇಬಿಪಿ ಎಚ್ಚರಗೊಂಡು ಎಲ್‌ಡಿಎಲ್ ಗ್ರಾಹಕಗಳು ಹೆಚ್ಚುತ್ತವೆ ಎಂದು ಪರ್ಡ್ಯೂ ತಂಡ ತೋರಿಸಿತು. ಎಸಿಎಟಿ-1 ಕಿಣ್ವವನ್ನು ತಡೆದರೆ ಏನಾಗುತ್ತದೆ ಎಂದೂ ನೋಡಿತು. ಬಿಡಿ ಕೊಲೆಸ್ಟ್ರಾಲ್ ಹೆಚ್ಚಿತು, ಲೆಕ್ಕ ಸಿಕ್ಕಿತು, ಗ್ರಾಹಕಗಳು ಇಳಿದವು. ಕ್ಯಾನ್ಸರ್ ಜೀವಕೋಶಗಳ ಬೆಳವಣಿಗೆಯೂ ಅಕ್ಕಪಕ್ಕದ ಅಂಗಾಂಶಕ್ಕೆ ನುಗ್ಗುವ ಶಕ್ತಿಯೂ ಕುಂದಿದವು. ಇಲಿಗಳಲ್ಲಿ ಗಡ್ಡೆ ಬೆಳೆಯುವುದು ತಗ್ಗಿತು. 2018ರಲ್ಲಿ ಅದೇ ಬಳಗ, ಈ ತಡೆಯಿಂದ ಇಲಿಗಳಲ್ಲಿ ಕ್ಯಾನ್ಸರ್ ಹಬ್ಬುವುದೂ ಕಡಿಮೆಯಾಗುತ್ತದೆ ಎಂದು ವರದಿ ಮಾಡಿತು. ಅವರು ಬಳಸಿದ ಅವಸಿಮೈಬ್ ಎಂಬ ಔಷಧ ಮೊದಲು ಹೃದಯದ ರಕ್ತನಾಳಗಳಿಗೆಂದು ತಯಾರಾಗಿ, ಅಲ್ಲಿ ನಿರೀಕ್ಷಿಸಿದ ಫಲ ಕೊಡದೆ ಬದಿಗೆ ಸರಿದದ್ದು.

ಅದೇ 2018ರಲ್ಲಿ ಬಾಸ್ಟನ್ನಿನಿಂದ ಬಂದ ಇನ್ನೊಂದು ಕೆಲಸವೂ ನೆನೆಯುವಂಥದು. ಪಿಯರ್ ಪಾವ್ಲೊ ಪ್ಯಾಂಡೊಲ್ಫಿ ಅವರ ಪ್ರಯೋಗಶಾಲೆಯಲ್ಲಿ, ಪಿಟೆನ್ ಮಾತ್ರ ಕಳೆದುಕೊಂಡ ಇಲಿಗಳಿಗೆ ನಿಧಾನವಾಗಿ ಬೆಳೆಯುವ ಪ್ರಾಸ್ಟೇಟ್ ಗಡ್ಡೆ ಬಂತು. ಅದು ಹಬ್ಬಲಿಲ್ಲ. ಜೊತೆಗೆ ಪಿಎಂಎಲ್ ಎಂಬ ಇನ್ನೊಂದು ಜೀನೂ ಹೋದರೆ ಹಬ್ಬಿತು. ಅಂಥ ಗಡ್ಡೆಗಳಲ್ಲಿ ಎಸ್‌ಆರ್‌ಇಬಿಪಿ ಜಿಡ್ಡಿನ ತಯಾರಿಕೆಯನ್ನು ಜೋರು ಮಾಡಿತ್ತು. ಹಾಗಾದರೆ ಜಿಡ್ಡನ್ನು ಹೊರಗಿನಿಂದಲೇ ಕೊಟ್ಟರೆ? ಪಿಟೆನ್ ಮಾತ್ರ ಇಲ್ಲದ ಇಲಿಗಳಿಗೆ ಕೊಬ್ಬು ತುಂಬಿದ ಆಹಾರ ಕೊಟ್ಟರು. ಅವುಗಳಲ್ಲೂ ಕ್ಯಾನ್ಸರ್ ಹಬ್ಬಿತು. ಇದನ್ನು ಕೇಳಿ ನಾಳೆಯಿಂದ ತುಪ್ಪ ಬಿಡುವುದೇ ಮದ್ದು ಎಂದು ಯಾರೂ ತೀರ್ಮಾನಿಸಬಾರದು. ಇಲಿ ಇಲಿಯೇ. ಆ ಇಲಿಗಳಲ್ಲಿ ಜೀನನ್ನು ಬೇಕೆಂದೇ ತೆಗೆದಿದ್ದರು, ಕೊಟ್ಟ ಕೊಬ್ಬೂ ವಿಪರೀತ. ಆದರೆ ಮನುಷ್ಯರಲ್ಲೂ ಬೊಜ್ಜಿಗೂ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿಗೂ ನಂಟಿರುವುದು ದೊಡ್ಡ ಸಮೀಕ್ಷೆಗಳಲ್ಲಿ ಕಂಡಿದೆ. ತೂಕದ ಕಡೆ ಗಮನ ಕೊಡಲು ಅಷ್ಟು ಸಾಕು.

ಈ ಕ್ಯಾನ್ಸರ್ ಮೂಳೆಯನ್ನೇ ಯಾಕೆ ಹುಡುಕಿಕೊಂಡು ಹೋಗುತ್ತದೆ ಎಂದು ಕೇಳುವವರಿದ್ದಾರೆ. ಒಂದು ಕಾರಣ ರಕ್ತನಾಳಗಳ ಜೋಡಣೆ. ಕಿಬ್ಬೊಟ್ಟೆಯ ತಳಭಾಗದ ಅಭಿಧಮನಿಗಳು ಬೆನ್ನುಮೂಳೆಯ ಅಭಿಧಮನಿಗಳೊಂದಿಗೆ ಕವಾಟವಿಲ್ಲದೆ ಕೂಡಿಕೊಂಡಿರುವುದನ್ನು 1940ರಲ್ಲಿ ಆಸ್ಕರ್ ಬ್ಯಾಟ್ಸನ್ ವಿವರಿಸಿದರು. ಇನ್ನೊಂದು ಕಾರಣ ಮೂಳೆಯ ಮಜ್ಜೆ. ವಯಸ್ಸಾದಂತೆ ಮಜ್ಜೆಯಲ್ಲಿ ಕೊಬ್ಬಿನ ಜೀವಕೋಶಗಳು ಹೆಚ್ಚುತ್ತ ಹೋಗುತ್ತವೆ. ಜಿಡ್ಡನ್ನು ಕೂಡಿಡುವ ಸ್ವಭಾವದ ಕ್ಯಾನ್ಸರಿಗೆ ಅದು ಒಗ್ಗುವ ನೆಲೆ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಈ ಕ್ಯಾನ್ಸರನ್ನು ತಡೆಯುತ್ತದೆಯೆ? ಸ್ಟ್ಯಾಟಿನ್ ಬಂದದ್ದು ಜಪಾನಿನ ಅಕಿರಾ ಎಂಡೊ ಅವರ ತಾಳ್ಮೆಯಿಂದ. ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ 1970ರ ದಶಕದಲ್ಲಿ ಅವರು ಮೊದಲ ಸ್ಟ್ಯಾಟಿನ್ ಕಂಡುಹಿಡಿದರು. 2006ರಲ್ಲಿ, ಅಮೆರಿಕದ ಸುಮಾರು 35 ಸಾವಿರ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು ಪ್ರಕಟವಾಯಿತು. ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬರುವುದೇನೂ ಕಡಿಮೆಯಾಗಿರಲಿಲ್ಲ. ಮುಂದುವರಿದ ಕ್ಯಾನ್ಸರ್ ಮಾತ್ರ ಸುಮಾರು ಅರ್ಧದಷ್ಟಿತ್ತು. ಹುಟ್ಟುವುದಕ್ಕೂ ಹಬ್ಬುವುದಕ್ಕೂ ಕಾರಣ ಬೇರೆಬೇರೆ ಎಂಬ ಮಾತಿಗೆ ಇದು ಸರಿಹೊಂದುತ್ತದೆ. 2015ರಲ್ಲಿ ಬಾಸ್ಟನ್ನಿನ ಡೇನಾ-ಫಾರ್ಬರ್ ಸಂಸ್ಥೆ, ಹಾರ್ಮೋನ್ ಇಳಿಸುವ ಚಿಕಿತ್ಸೆ ಪಡೆದ 926 ಮಂದಿಯ ದಾಖಲೆ ನೋಡಿತು. ಸ್ಟ್ಯಾಟಿನ್ ಇದ್ದವರಲ್ಲಿ ಕಾಯಿಲೆ ಮತ್ತೆ ಮುಂದುವರಿಯಲು 27.5 ತಿಂಗಳು ಹಿಡಿದಿತ್ತು, ಇಲ್ಲದವರಲ್ಲಿ 17.4 ತಿಂಗಳು.

ಕೇಳಲು ಬಹಳ ಚೆನ್ನಾಗಿದೆ. ಆದರೆ ಇವೆಲ್ಲ ಹೊರಗಿನಿಂದ ಗಮನಿಸಿ ಹೇಳಿದ್ದು. ಸ್ಟ್ಯಾಟಿನ್ ತೆಗೆದುಕೊಳ್ಳುವವರು ಪದೇಪದೇ ವೈದ್ಯರ ಬಳಿ ಹೋಗುವವರು. ಅವರ ಕಾಯಿಲೆ ಬೇಗ ಪತ್ತೆಯಾಗಿರಬಹುದು, ಆದ್ದರಿಂದಲೇ ಹಬ್ಬಿರದೆ ಇರಬಹುದು. ನಿಜ ತಿಳಿಯಬೇಕಾದರೆ ಚೀಟಿ ಎತ್ತಿದಂತೆ ಅರ್ಧ ಜನರಿಗೆ ಮಾತ್ರೆ, ಅರ್ಧ ಜನರಿಗೆ ಬರಿಯ ಸಕ್ಕರೆ ಗುಳಿಗೆ ಕೊಟ್ಟು ನೋಡಬೇಕು. ಫಿನ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ 160 ಗಂಡಸರಲ್ಲಿ ಹೀಗೆ ಮಾಡಿ 2018ರಲ್ಲಿ ವರದಿ ಕೊಟ್ಟರು. ಒಟ್ಟಾರೆ ನೋಡಿದರೆ ಗಡ್ಡೆಯ ಬೆಳವಣಿಗೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಹೆಚ್ಚು ದಿನ ಮಾತ್ರೆ ನುಂಗಿದವರಲ್ಲಿ ಮಾತ್ರ ಸ್ವಲ್ಪ ಫಲ ಇದ್ದಂತೆ ಕಂಡಿತು. ಇದರ ಜೊತೆಗೆ ಇನ್ನೊಂದು ತೊಡಕು ಇದೆ. ಸ್ಟ್ಯಾಟಿನ್ ಕೊಲೆಸ್ಟ್ರಾಲಿನ ತಯಾರಿಕೆಯನ್ನು ತಡೆದಾಗ ಎಸ್‌ಆರ್‌ಇಬಿಪಿ ಇನ್ನಷ್ಟು ಚುರುಕಾಗಿ, ಹೆಚ್ಚು ಗ್ರಾಹಕಗಳನ್ನು ನಿಲ್ಲಿಸುತ್ತದೆ. ಯಕೃತ್ತಿನಲ್ಲಿ ಹೀಗಾಗುವುದೇ ನಮಗೆ ಬೇಕಾದದ್ದು, ರಕ್ತ ಸ್ವಚ್ಛವಾಗುವುದು ಹಾಗೆ. ಗಡ್ಡೆಯಲ್ಲೂ ಹಾಗೇ ಆದರೆ ಅದು ತಪ್ಪಿಸಿಕೊಳ್ಳುವ ದಾರಿ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಕ್ಯಾನ್ಸರಿಗೆಂದು ಸ್ಟ್ಯಾಟಿನ್ ನುಂಗುವ ಕಾಲ ಇನ್ನೂ ಬಂದಿಲ್ಲ. ಹೃದಯಕ್ಕೆಂದು ವೈದ್ಯರು ಕೊಟ್ಟಿದ್ದರೆ ಒಂದು ದಿನವೂ ಬಿಡಬೇಡಿ. ಹಾರ್ಮೋನ್ ಇಳಿಸುವ ಚಿಕಿತ್ಸೆಯಲ್ಲಿ ಮೈಯ ಕೊಬ್ಬು, ಸಕ್ಕರೆ, ಕೊಲೆಸ್ಟ್ರಾಲ್ ಏರುವುದುಂಟು. ಆ ರೋಗಿಗಳಿಗೆ ಹೃದಯದ ಆರೈಕೆ ಇನ್ನೂ ಹೆಚ್ಚು ಬೇಕು.

2016ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಪ್ರಾಸ್ಟೇಟ್ ಗಡ್ಡೆಗಳೊಳಗೆ ಕೊಲೆಸ್ಟ್ರಾಲಿಗೆ ಸಂಬಂಧಿಸಿದ ಜೀನುಗಳನ್ನು ಅಳೆದು ನೋಡಿದಾಗ, ಪ್ರಾಣಾಂತಿಕವಾಗುವ ಕಾಯಿಲೆಯೊಂದಿಗೆ ಬಲವಾಗಿ ಸೇರಿಕೊಂಡಿದ್ದದ್ದು ತಯಾರಿಕೆಯ ನಡುವಿನ ಒಂದು ಕಿಣ್ವ, ಸ್ಕ್ವಾಲೀನ್ ಎಪಾಕ್ಸಿಡೇಸ್. ಗಡ್ಡೆಯಲ್ಲಿ ಅದು ಹೆಚ್ಚಿದ್ದವರಲ್ಲಿ ಕಾಯಿಲೆ ಹಬ್ಬಿ ಸಾವಿಗೆ ಕಾರಣವಾಗುವ ಸಂಭವ ಬಹಳ ಹೆಚ್ಚಿತ್ತು. ಇದೇ ಬಗೆಯ ಕಿಣ್ವವನ್ನು ಬೂಷ್ಟಿನಲ್ಲಿ ತಡೆಯುವ ಔಷಧ ಟರ್ಬಿನಾಫಿನ್, ಹುಳುಕಡ್ಡಿಗೆ ನಮ್ಮ ಔಷಧಂಗಡಿಗಳಲ್ಲಿ ಕೊಡುವ ಮಾತ್ರೆ. ಈ ಸಂಗತಿ ಕೇಳಿದವರು ಅದನ್ನು ತಂದು ನುಂಗಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಯಕೃತ್ತಿಗೆ ಪೆಟ್ಟು ಕೊಡಬಲ್ಲ ಔಷಧ ಅದು. ಈ ಶೋಧದಿಂದ ಸದ್ಯಕ್ಕೆ ಆಗಬಹುದಾದ ಉಪಯೋಗ ಬೇರೆ. ಯಾವ ಗಡ್ಡೆ ಸುಮ್ಮನಿರುತ್ತದೆ, ಯಾವುದು ಹಬ್ಬುತ್ತದೆ ಎಂಬುದನ್ನು ಬಯಾಪ್ಸಿಯ ಚೂರಿನಲ್ಲೇ ಗುರುತಿಸಬಹುದಾದರೆ, ಎಷ್ಟೋ ಜನ ಬೇಡದ ಶಸ್ತ್ರಚಿಕಿತ್ಸೆಯಿಂದ ಪಾರಾಗುತ್ತಾರೆ.

ಪ್ರಯೋಗಶಾಲೆಯಲ್ಲಿ ಇಷ್ಟೆಲ್ಲ ನಡೆದಿದ್ದರೂ ನಮ್ಮಲ್ಲಿ ಅನೇಕರು ಆಸ್ಪತ್ರೆಗೆ ಬರುವುದು ಬೆನ್ನುಮೂಳೆಗೆ ಹಬ್ಬಿದ ಮೇಲೆ. ಮೂತ್ರದ ವಿಷಯವನ್ನು ಹೆಂಡತಿಯ ಹತ್ತಿರ, ಮಕ್ಕಳ ಹತ್ತಿರ ಹೇಳಿಕೊಳ್ಳಲು ಸಂಕೋಚ. ವಯಸ್ಸಾಯಿತು, ಹೀಗೇ ಎಂದು ಸುಮ್ಮನಾಗುತ್ತಾರೆ. ಬೆನ್ನುನೋವಿಗೆ ಎಣ್ಣೆ ತಿಕ್ಕಿಸಿಕೊಂಡು ತಿಂಗಳು ಕಳೆಯುತ್ತಾರೆ. ಮೂತ್ರ ಕಟ್ಟಿದಂತಾಗುವುದು, ರಾತ್ರಿ ಹಲವು ಸಲ ಏಳುವುದು, ಇವು ಬಹುಪಾಲು ಕ್ಯಾನ್ಸರ್ ಅಲ್ಲ, ಗ್ರಂಥಿಯ ಸಾದಾ ಊತ. ಪಿಎಸ್‌ಎ ಎಂಬ ರಕ್ತಪರೀಕ್ಷೆಯಲ್ಲಿ ಸಂಖ್ಯೆ ಏರಿದ್ದರೂ ಕ್ಯಾನ್ಸರೇ ಆಗಬೇಕೆಂದಿಲ್ಲ, ಊತದಲ್ಲೂ ಸೋಂಕಿನಲ್ಲೂ ಏರುತ್ತದೆ. ಹೆದರದೆ ತೋರಿಸಿಕೊಳ್ಳಬಹುದು ಎಂಬುದಕ್ಕಾಗಿ ಇದನ್ನು ಹೇಳುತ್ತಿದ್ದೇನೆ.

ಮನೆಯಲ್ಲಿ ಐವತ್ತು ದಾಟಿದ ಅಪ್ಪ, ಚಿಕ್ಕಪ್ಪ, ಮಾವ ಇದ್ದರೆ, ಮೂತ್ರದ ತೊಂದರೆ ಇದೆಯೇ ಎಂದು ನೀವೇ ಕೇಳಿ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ ನಿಮಗೆ ಬರುವ ಸಂಭವ ಸುಮಾರು ಎರಡು ಪಟ್ಟು. ಅಂಥವರು ಐವತ್ತಕ್ಕೂ ಮುಂಚೆಯೇ ವೈದ್ಯರ ಹತ್ತಿರ ಮಾತಾಡಿ. ವಯಸ್ಸಾದ ಗಂಡಸಿಗೆ ಬೆನ್ನಲ್ಲೋ ಸೊಂಟದಲ್ಲೋ ಹೊಸದಾಗಿ ಬಂದ ನೋವು ವಾರಗಟ್ಟಲೆ ಬಿಡದಿದ್ದರೆ, ರಾತ್ರಿ ಮಲಗಿದಾಗಲೂ ಕಾಡುತ್ತಿದ್ದರೆ, ಎಣ್ಣೆಯ ಬಾಟಲಿಯನ್ನು ಬದಿಗಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾಲಿನಲ್ಲಿ ಶಕ್ತಿ ಕುಂದಿದರೆ ಅದೇ ದಿನ ಹೋಗಿ.